ಮೇಲ್ ಬಂತು ಅಂತ ಫೋನಿಗೆ ಹೇಳುವವರು ಯಾರು?

ಮೇಲ್ ಸರ್ವರಿಗೆ ಬಂದು ಬಿದ್ದಾಗಿರುತ್ತದೆ. ಫೋನ್ ಮಾತ್ರ ಸದ್ದಿಲ್ಲದೆ ಕೂತಿರುತ್ತದೆ. ಆ್ಯಪ್ ತೆರೆದು ಬೆರಳಿನಿಂದ ಕೆಳಕ್ಕೆ ಎಳೆದ ಕೂಡಲೇ ದಡಬಡ ಅಂತ ಐದಾರು ಮೇಲ್ ಒಟ್ಟಿಗೆ ಇಳಿಯುತ್ತವೆ. ಒಂದು 20 ನಿಮಿಷ ಹಿಂದಿನದು, ಇನ್ನೊಂದು ಗಂಟೆ ಹಿಂದಿನದು. ಅಷ್ಟು ಹೊತ್ತಿಗೆ ಓಟಿಪಿಯ ಅವಧಿ ಮುಗಿದಿರುತ್ತದೆ. ‘ಇವತ್ತು ಮಧ್ಯಾಹ್ನದೊಳಗೆ ತಿಳಿಸಿ’ ಅಂತ ಬಂದ ಇಂಟರ್‌ವ್ಯೂ ಮೇಲ್‌ಗೆ ಉತ್ತರ ಕೊಡುವ ಹೊತ್ತೂ ದಾಟಿರುತ್ತದೆ. ಪಕ್ಕದಲ್ಲಿ ಕೂತವರ ಫೋನಿಗೆ ಅದೇ ಮೇಲ್ ಆಗಲೇ ಬಂದಿರುತ್ತದೆ.

ಇಂಥ ಹೊತ್ತಲ್ಲಿ ನಾವು ನೆಟ್‌ವರ್ಕನ್ನು ಬೈಯುತ್ತೇವೆ. ಇಲ್ಲವೇ ಆ್ಯಪನ್ನು ಕಿತ್ತು ಮತ್ತೆ ಹಾಕುತ್ತೇವೆ. ತೊಂದರೆ ಇರುವುದು ಹೆಚ್ಚಾಗಿ ಈ ಎರಡೂ ಕಡೆ ಅಲ್ಲ. ‘ಪುಶ್ ಮೇಲ್’ ಅಂದಾಗ ನಮ್ಮ ಮೇಲ್ ಸರ್ವರ್ ನೇರವಾಗಿ ನಮ್ಮ ಫೋನನ್ನು ಕರೆದು ಎಬ್ಬಿಸುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೆ ಆಗುವುದಿಲ್ಲ. ನಡುವೆ ಮತ್ತೊಬ್ಬರು ಇದ್ದಾರೆ. ಐಫೋನ್ ಆದರೆ ಆಪಲ್, ಆಂಡ್ರಾಯ್ಡ್ ಆದರೆ ಹೆಚ್ಚಿನ ಕಡೆ ಗೂಗಲ್. ಯಾವ ಆ್ಯಪಿಗೆ ತಕ್ಷಣ ಸುದ್ದಿ ಮುಟ್ಟಬೇಕು, ಯಾವುದು ಕಾಯಬೇಕು ಅನ್ನುವುದು ಬಹುಪಾಲು ತೀರ್ಮಾನ ಆಗುವುದು ಅವರ ನಿಯಮದ ಪ್ರಕಾರ. ಅವರು ನಡುವೆ ಬಂದದ್ದಕ್ಕೆ ಗಟ್ಟಿ ಕಾರಣ ಇದೆ. ಅದರಿಂದ ನಾವು ಕಳೆದುಕೊಂಡದ್ದೂ ಇದೆ.

ಫೋನೇ ಹೋಗಿ ಕೇಳಬೇಕು

ಯಾರೋ ಕಳಿಸಿದ ಮೇಲ್ ನಮ್ಮ ಸರ್ವರಿನ ಪೆಟ್ಟಿಗೆಗೆ ಬಂದು ಬೀಳುವ ತನಕ ಕೆಲಸ ಮಾಡುವುದು ಎಸ್‌ಎಂಟಿಪಿ ಅನ್ನೋ ಪದ್ಧತಿ. ಪೆಟ್ಟಿಗೆಯಿಂದ ಫೋನಿಗೆ ಬರುವುದು ಪೂರ್ತಿ ಬೇರೆ ವ್ಯವಹಾರ. ಅದಕ್ಕೆ ಪಿಒಪಿ, ಐಮ್ಯಾಪ್ ಅನ್ನೋ ಹಳೆಯ ಪದ್ಧತಿಗಳಿವೆ. ಐಮ್ಯಾಪ್ ಹುಟ್ಟಿದ್ದು 1986ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ, ಮಾರ್ಕ್ ಕ್ರಿಸ್ಪಿನ್ ಅವರ ಕೈಯಲ್ಲಿ. ಆಗ ಮೇಲ್ ಓದುವವರು ಗೋಡೆಗೆ ವೈರ್ ಸಿಕ್ಕಿಸಿದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಬ್ಯಾಟರಿಯ ಯೋಚನೆ ಯಾರಿಗೂ ಇರಲಿಲ್ಲ. ಎರಡೂ ಪದ್ಧತಿಯಲ್ಲಿ ಕೇಳುವುದು ಆ್ಯಪಿನ ಕೆಲಸ, ಹೇಳುವುದು ಸರ್ವರಿನ ಕೆಲಸ.

ಸರ್ವರ್ ತಾನಾಗಿ ಫೋನನ್ನು ಹುಡುಕಿಕೊಂಡು ಬರಬೇಕು ಅಂದರೆ ಫೋನಿಗೊಂದು ಗಟ್ಟಿ ವಿಳಾಸ ಬೇಕು. ಅದು ಇಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು (ಇಂಟರ್‌ನೆಟ್ಟಿನ ಮನೆ ನಂಬರುಗಳು) ಸಾಲದ್ದರಿಂದ ಮೊಬೈಲ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ತುಂಬಾ ಫೋನುಗಳಿಗೆ ಹಂಚುತ್ತವೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ಒಳಗಿನಿಂದ ಫೋನ್ ಮೊದಲು ಮಾತಾಡಿದರೆ ಮಾತ್ರ ಅದಕ್ಕೆ ಉತ್ತರ ವಾಪಸ್ ಬರಲು ದಾರಿ ಸಿಗುತ್ತದೆ. ಐಪಿವಿ6 ಅನ್ನೋ ಹೊಸ ಮಾದರಿಯ ವಿಳಾಸ ಬಂದ ಮೇಲೆ ಆ ಕೊರತೆ ನೀಗಿದೆ. ಆದರೂ ಕರೆಯದೆ ಬರುವವರನ್ನು ನೆಟ್‌ವರ್ಕಿನ ಕಾವಲುಗಾರನಾದ ಫೈರ್‌ವಾಲ್ ಒಳಗೆ ಬಿಡುವುದಿಲ್ಲ, ಬಿಡಲೂ ಬಾರದು. ಮೇಲಿಂದ ನಾವು ಮನೆಯ ವೈಫೈ ಬಿಟ್ಟು ಬೀದಿಗೆ ಕಾಲಿಟ್ಟರೆ ಸಾಕು, ವಿಳಾಸ ಬದಲಾಗಿ ಹೋಗುತ್ತದೆ.

ಹಾಗಾಗಿ ಉಳಿದದ್ದು ಎರಡೇ ದಾರಿ. ಫೋನ್ ಆಗಾಗ ಹೋಗಿ ‘ಏನಾದರೂ ಬಂತಾ’ ಅಂತ ಕೇಳುವುದು ಒಂದು. ಒಮ್ಮೆ ಸಂಪರ್ಕ ಹಿಡಿದು, ಅದನ್ನು ಬಿಡದೆ ಕಾಯುವುದು ಇನ್ನೊಂದು.

ಮೊದಲನೆಯದಕ್ಕೆ ಸೆಟ್ಟಿಂಗ್‌ಗಳಲ್ಲಿ ‘ಫೆಚ್’ ಅಥವಾ ‘ಸಿಂಕ್ ಅಂತರ’ ಅನ್ನೋ ಹೆಸರಿರುತ್ತದೆ. 15 ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 96 ಸಲ. ಒಂದೊಂದು ಸಲವೂ ಫೋನಿನ ರೇಡಿಯೊ, ಅಂದರೆ ಟವರಿನ ಜೊತೆ ಮಾತಾಡುವ ಭಾಗ, ಏಳಬೇಕು, ಸುರಕ್ಷಿತ ಸಂಪರ್ಕ ಕಟ್ಟಬೇಕು, ಲಾಗಿನ್ ಆಗಬೇಕು. ಕೆಲಸ ಒಂದೆರಡು ಸೆಕೆಂಡಿನದು. ಆದರೆ ಕೆಲಸ ಮುಗಿದ ಕೂಡಲೇ ರೇಡಿಯೊ ಮಲಗುವುದಿಲ್ಲ. ಇನ್ನೂ ಏನಾದರೂ ಬರಬಹುದು ಅಂತ 4ಜಿಯಲ್ಲಿ ಸುಮಾರು 10 ಸೆಕೆಂಡು ಎದ್ದೇ ಇರುತ್ತದೆ. ನೆಟ್‌ವರ್ಕಿನಿಂದ ನೆಟ್‌ವರ್ಕಿಗೆ ಇದು ಹೆಚ್ಚು ಕಡಿಮೆ ಆಗುತ್ತದೆ. 96 ಸಲ 10 ಸೆಕೆಂಡು ಅಂದರೆ 16 ನಿಮಿಷ. ಹೊಸ ಮೇಲ್ ಒಂದೂ ಇಲ್ಲದಿದ್ದರೂ ಇಷ್ಟು ಖರ್ಚು, ಅದೂ ಒಂದು ಅಕೌಂಟಿಗೆ.

ಅಷ್ಟು ಖರ್ಚು ಮಾಡಿಯೂ ಸಿಗುವುದು ಏನು? ಹಲವು ಕಡೆ ಓಟಿಪಿ 10 ನಿಮಿಷ ಮಾತ್ರ ನಡೆಯುತ್ತದೆ. ಫೋನ್ ನೋಡುವುದು 15 ನಿಮಿಷಕ್ಕೊಮ್ಮೆ. ಅಂದರೆ ಮೂರರಲ್ಲಿ ಒಂದು ಸಲ, ನಾವು ನೋಡುವ ಮೊದಲೇ ಓಟಿಪಿ ಕೆಲಸಕ್ಕೆ ಬಾರದಂತಾಗಿರುತ್ತದೆ. ಇಲ್ಲಿ ಯಾವುದೂ ಕೆಟ್ಟಿಲ್ಲ. ಎಲ್ಲವೂ ಹೇಳಿದ ಹಾಗೆಯೇ ನಡೆಯುತ್ತಿದೆ.

ಹಿಡಿದು ಕಾಯುವುದು ಅಷ್ಟು ಸುಲಭ ಅಲ್ಲ

ಎರಡನೆಯ ದಾರಿಗೆ ಐಮ್ಯಾಪಿನಲ್ಲೇ ಒಂದು ವ್ಯವಸ್ಥೆ ಇದೆ. ಹೆಸರು ಐಡಲ್. 1997ರ ಜೂನ್‌ನಲ್ಲಿ ಆರ್‌ಎಫ್‌ಸಿ 2177 ಅನ್ನೋ ದಾಖಲೆಯಾಗಿ ಬಂತು. ಇಂಟರ್‌ನೆಟ್ಟಿನ ಪದ್ಧತಿಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ. ಪುಟ್ಟ ದಾಖಲೆ, ಓದಿದರೆ ಖುಷಿಯಾಗುವಷ್ಟು ಸರಳ. ಆ್ಯಪ್ ಲಾಗಿನ್ ಆಗಿ, ಇನ್‌ಬಾಕ್ಸ್ ತೆರೆದು, ‘ಐಡಲ್’ ಅಂತ ಒಂದು ಸಾಲು ಕಳಿಸುತ್ತದೆ. ಸರ್ವರ್ ‘ಸರಿ, ಕಾಯ್ತಿರು’ ಅನ್ನೋ ಅರ್ಥದ ಒಂದು ಅಧಿಕ ಚಿಹ್ನೆ ಕಳಿಸಿ ಸುಮ್ಮನಾಗುತ್ತದೆ. ಇಬ್ಬರೂ ಮೌನ. ಹೊಸ ಮೇಲ್ ಬಂದ ಕ್ಷಣ ಸರ್ವರಿನಿಂದ ಒಂದು ಸಾಲು ಬರುತ್ತದೆ: ‘24 ಎಕ್ಸಿಸ್ಟ್ಸ್’. ಅಂದರೆ ಪೆಟ್ಟಿಗೆಯಲ್ಲಿ ಈಗ 24 ಮೇಲ್ ಇವೆ. ಆ್ಯಪಿನ ಲೆಕ್ಕದಲ್ಲಿ 23 ಇತ್ತು. ಆಗ ಅದು ‘ಡನ್’ ಅಂತ ಹೇಳಿ, ಹೊಸದನ್ನು ಇಳಿಸಿಕೊಂಡು, ಮತ್ತೆ ‘ಐಡಲ್’ ಅನ್ನುತ್ತದೆ. ನಡುವೆ ಮೂರನೆಯವರು ಯಾರೂ ಇಲ್ಲ. ನಮ್ಮ ಸರ್ವರ್, ನಮ್ಮ ಫೋನ್, ಅಷ್ಟೇ.

ಇದೇ ಸಾಕಲ್ವಾ ಅನ್ನಿಸುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ಸಾಕು. ಜೇಬಿನಲ್ಲಿರುವ ಫೋನಿಗೆ ಸಾಲುವುದಿಲ್ಲ. ಅರ್ಧ ಗಂಟೆ ಮಾತಿಲ್ಲದಿದ್ದರೆ ಸರ್ವರ್ ಸಂಪರ್ಕ ಕಡಿಯಬಹುದು, ಅದಕ್ಕೆ 29 ನಿಮಿಷಕ್ಕೊಮ್ಮೆಯಾದರೂ ಐಡಲ್ ಅನ್ನು ಹೊಸದಾಗಿ ಹೇಳಿ ಅಂತ ಆ ದಾಖಲೆಯೇ ಹೇಳುತ್ತದೆ. ಮೊಬೈಲ್ ನೆಟ್‌ವರ್ಕಿನ ನ್ಯಾಟ್‌ಗೆ ಅಷ್ಟು ತಾಳ್ಮೆಯೂ ಇರುವುದಿಲ್ಲ. ಎಷ್ಟೋ ಕಡೆ ಕೆಲವೇ ನಿಮಿಷ ಮೌನವಾಗಿದ್ದರೂ ಆ ಸಂಪರ್ಕದ ಗುರುತನ್ನು ತನ್ನ ಪಟ್ಟಿಯಿಂದ ಅಳಿಸಿಬಿಡುತ್ತದೆ. ಅಳಿಸಿದೆ ಅಂತ ಯಾರಿಗೂ ಹೇಳುವುದಿಲ್ಲ.

ನಾನು ಜಾಸ್ತಿ ಒತ್ತಿ ಹೇಳಬೇಕು ಅಂದುಕೊಂಡಿರುವುದು ಈ ಸ್ಥಿತಿಯ ಬಗ್ಗೆ. ಫೋನ್ ತಾನು ಸಂಪರ್ಕದಲ್ಲೇ ಇದ್ದೇನೆ ಅಂದುಕೊಂಡಿರುತ್ತದೆ. ಸರ್ವರ್ ಕೂಡ ಹಾಗೇ ಅಂದುಕೊಂಡಿರುತ್ತದೆ. ‘24 ಎಕ್ಸಿಸ್ಟ್ಸ್’ ಅನ್ನೋ ಸಾಲು ಹೊರಟು ದಾರಿಯಲ್ಲೇ ಕಾಣೆಯಾಗುತ್ತದೆ. ಎರಡೂ ಕಡೆ ದೋಷದ ಸಂದೇಶ ಇಲ್ಲ, ಕೆಂಪು ಗುರುತಿಲ್ಲ. ಮುಂದೆ ಫೋನ್ ತಾನಾಗಿ ಏನಾದರೂ ಕಳಿಸಲು ಹೋದಾಗಲೇ ಸಂಪರ್ಕ ಸತ್ತಿದೆ ಅಂತ ಗೊತ್ತಾಗುವುದು. ಆ್ಯಪ್ ತೆರೆದ ಕೂಡಲೇ ಮೇಲ್‌ಗಳೆಲ್ಲ ಒಟ್ಟಿಗೆ ಸುರಿಯುವುದಕ್ಕೆ ಇದೂ ಒಂದು ಕಾರಣ.

ಹಾಗಾಗದಂತೆ ನಡುನಡುವೆ ಸಣ್ಣದೊಂದು ಸದ್ದು ಕಳಿಸುತ್ತಾ ಸಂಪರ್ಕವನ್ನು ಜೀವಂತ ಇಡಬೇಕು. ಸದ್ದು ಕಳಿಸಿದಾಗಲೆಲ್ಲ ರೇಡಿಯೊ ಏಳುತ್ತದೆ. ಸಿಗ್ನಲ್ ಗಟ್ಟಿ ಇರುವ ಊರಲ್ಲಿ ಪರವಾಗಿಲ್ಲ. ಮಲೆನಾಡಿನ ತೋಟದ ಮನೆಗಳಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದು ಬಂದು ಹೋಗುತ್ತಿರುತ್ತದೆ. ಅಲ್ಲಿ ಫೋನ್ ಪದೇ ಪದೇ ಸಂಪರ್ಕ ಕಟ್ಟಬೇಕು, ಅದೂ ಹೆಚ್ಚು ಶಕ್ತಿ ಹಾಕಿ. ಈಗ ಮೇಲ್ ಆ್ಯಪ್ ಒಂದೇ ಅಲ್ಲ, ಮೆಸೇಜ್ ಆ್ಯಪ್, ಬ್ಯಾಂಕ್ ಆ್ಯಪ್, ಸುದ್ದಿ ಆ್ಯಪ್ ಎಲ್ಲವೂ ಹೀಗೆ ತಮ್ಮ ತಮ್ಮ ಸಂಪರ್ಕ ಹಿಡಿದು ಕೂತರೆ ಬ್ಯಾಟರಿ ಮಧ್ಯಾಹ್ನದ ತನಕವೂ ಬರುವುದಿಲ್ಲ.

ಬ್ಲ್ಯಾಕ್‌ಬೆರಿ ತೋರಿಸಿದ ದಾರಿ

ಇದನ್ನು ಎಲ್ಲರಿಗಿಂತ ಮೊದಲು ಬಗೆಹರಿಸಿ ತೋರಿಸಿದವರು ಕೆನಡಾದ ವಾಟರ್‌ಲೂ ಊರಿನ ರಿಸರ್ಚ್ ಇನ್ ಮೋಷನ್ ಕಂಪನಿಯವರು. 1999ರಲ್ಲಿ ಅವರ ಬ್ಲ್ಯಾಕ್‌ಬೆರಿ ಮೇಲ್ ಸೇವೆ ಬಂತು. ಕಂಪನಿಯ ಮೇಲ್ ಸರ್ವರ್ ಪಕ್ಕದಲ್ಲಿ ಅವರದೊಂದು ಸಾಫ್ಟ್‌ವೇರ್ ಇರುತ್ತಿತ್ತು. ಅದು ಹೊರಗಡೆಗೆ ಒಂದು ಸಂಪರ್ಕ ತೆರೆದು ಅವರ ಕೇಂದ್ರದ ಜೊತೆ ಸದಾ ಮಾತಾಡುತ್ತಿತ್ತು. ಕೇಂದ್ರ ಮೊಬೈಲ್ ಕಂಪನಿಗಳ ಮೂಲಕ ಆ ಪುಟ್ಟ ಫೋನಿಗೆ ಮೇಲನ್ನು ತಲುಪಿಸುತ್ತಿತ್ತು. ಫೋನ್ ಏನನ್ನೂ ಕೇಳಬೇಕಾಗಿರಲಿಲ್ಲ. ಮೇಲ್ ಬಂದಾಗ ಕೆಂಪು ದೀಪ ಮಿನುಗುತ್ತಿತ್ತು. ಬೆಂಗಳೂರಿನ ಐಟಿ ಕಂಪನಿಗಳ ಮ್ಯಾನೇಜರುಗಳ ಸೊಂಟದ ಮೇಲೆ ಅದನ್ನು ನೋಡಿದವರಿಗೆ ಆ ದೀಪ ನೆನಪಿರುತ್ತದೆ.

ಎಲ್ಲರ ಮೇಲ್ ಒಂದೇ ಕಡೆಯಿಂದ ಹಾದುಹೋಗುತ್ತಿತ್ತು ಅನ್ನುವುದೇ ಅದರ ಬಲ. ಅದೇ ಅದರ ದೌರ್ಬಲ್ಯ ಕೂಡ. 2010ರಲ್ಲಿ ನಮ್ಮ ಸರ್ಕಾರ, ಆ ಮೇಲ್ ಮತ್ತು ಸಂದೇಶಗಳು ನಮ್ಮ ತನಿಖಾ ಸಂಸ್ಥೆಗಳ ಕೈಗೆ ಸಿಗುತ್ತಿಲ್ಲ ಅಂತ ತಕರಾರು ತೆಗೆಯಿತು. ದಾರಿ ಮಾಡಿಕೊಡದಿದ್ದರೆ ಸೇವೆ ನಿಲ್ಲಿಸುತ್ತೇವೆ ಅಂತ ಆಗಸ್ಟ್ 31ರ ಗಡುವು ಕೊಟ್ಟಿತು. ಗಡುವು ಮುಂದಕ್ಕೆ ಹೋಯಿತು, ಮಾತುಕತೆ ನಡೆಯಿತು. 2011ರ ಅಕ್ಟೋಬರಿನಲ್ಲಿ ಇನ್ನೊಂದು ಮುಖ ಕಾಣಿಸಿತು. ಇಂಗ್ಲೆಂಡಿನ ಸ್ಲೌ ಊರಿನಲ್ಲಿದ್ದ ಅವರ ಕೇಂದ್ರದಲ್ಲಿ ಒಂದು ಮುಖ್ಯ ಸ್ವಿಚ್ ಕೆಟ್ಟಿತು. ಬದಲಿ ವ್ಯವಸ್ಥೆಯೂ ಕೈಕೊಟ್ಟಿತು. ಯುರೋಪ್, ಆಫ್ರಿಕಾ, ಮಧ್ಯಪ್ರಾಚ್ಯ, ಭಾರತ ಎಲ್ಲ ಕಡೆ ಮೇಲ್ ದಿನಗಟ್ಟಲೆ ನಿಂತಿತು. ಎಲ್ಲೋ ಒಂದು ಸ್ವಿಚ್, ಇಲ್ಲಿ ಮೇಲ್ ಇಲ್ಲ.

ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿಯಿತು. 2005ರಲ್ಲಿ ಅವರ ಎಕ್ಸ್‌ಚೇಂಜ್ ಅನ್ನೋ ಮೇಲ್ ಸರ್ವರಿನ ಜೊತೆ ಬಂದ ಡೈರೆಕ್ಟ್ ಪುಶ್ ಚೆನ್ನಾಗಿ ಯೋಚಿಸಿ ಮಾಡಿದ ಕೆಲಸ. ಫೋನ್ ಸರ್ವರಿಗೆ ಒಂದು ಕೋರಿಕೆ ಕಳಿಸುತ್ತದೆ: ಇಷ್ಟು ನಿಮಿಷದೊಳಗೆ ಏನಾದರೂ ಬಂದರೆ ಹೇಳು, ಬರದಿದ್ದರೆ ಅವಧಿ ಮುಗಿದಾಗ ‘ಏನಿಲ್ಲ’ ಅನ್ನು. ಸರ್ವರ್ ಆ ಕೋರಿಕೆಗೆ ಉತ್ತರ ಕೊಡದೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲ್ ಬಂದರೆ ತಕ್ಷಣ ಉತ್ತರ ಕೊಡುತ್ತದೆ. ನೆಟ್‌ವರ್ಕ್ ಎಷ್ಟು ಹೊತ್ತು ತಾಳುತ್ತದೆ ಅಂತ ಫೋನೇ ಪರೀಕ್ಷೆ ಮಾಡುತ್ತಾ ಅವಧಿಯನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತಿತ್ತು. ಸಂಪರ್ಕ ಕಡಿದರೆ ಇಳಿಸುತ್ತಿತ್ತು.

ಒಂದೇ ಸಂಪರ್ಕ, ಎಲ್ಲ ಆ್ಯಪುಗಳಿಗೆ

2009ರ ಜೂನ್‌ನಲ್ಲಿ ಐಫೋನ್ ಓಎಸ್ 3 ಜೊತೆ ಆಪಲ್ ತನ್ನ ಪುಶ್ ಸೇವೆಯನ್ನು ಎಲ್ಲ ಆ್ಯಪುಗಳಿಗೆ ತೆರೆಯಿತು. ಅದರ ಹೆಸರು ಎಪಿಎನ್‌ಎಸ್. 2010ರಲ್ಲಿ ಆಂಡ್ರಾಯ್ಡ್ 2.2 ಜೊತೆ ಗೂಗಲಿನದು ಬಂತು. ಅದರ ಹೆಸರು ಎರಡು ಸಲ ಬದಲಾಗಿ 2016ರಿಂದ ಎಫ್‌ಸಿಎಂ ಆಗಿದೆ.

ಮನೆಮನೆಗೆ ಫೋನ್ ಇಲ್ಲದ ಕಾಲದಲ್ಲಿ ಪಿಪಿ ನಂಬರ್ ಅಂತ ಇತ್ತಲ್ಲ, ಇದು ಹಾಗೇ. ಬೀದಿಗೆ ಒಂದು ಮನೆಯಲ್ಲಿ ಫೋನ್. ಯಾರಿಗೆ ಕರೆ ಬಂದರೂ ಆ ಮನೆಗೇ ಬರಬೇಕು. ಅವರು ಬಂದು ‘ನಿಮಗೆ ಫೋನ್ ಬಂದಿದೆ’ ಅಂತ ಕೂಗಬೇಕು. ಫೋನಿನೊಳಗೆ ಆ ಒಂದು ಮನೆ ಅಂದರೆ ಆಪಲ್ ಅಥವಾ ಗೂಗಲ್ ಹಿಡಿದಿರುವ ಒಂದೇ ಒಂದು ಸಂಪರ್ಕ. ಆಪಲಿನದು 5223ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ಸಂಪರ್ಕ ಹಾದುಹೋಗುವ ನಂಬರಿನ ಬಾಗಿಲು), ಅದು ಸಿಗದಿದ್ದರೆ 443ರಲ್ಲಿ. ಗೂಗಲಿನದು ಮುಖ್ಯವಾಗಿ 5228ರಲ್ಲಿ. ಉಳಿದ ಆ್ಯಪುಗಳೆಲ್ಲ ನಿದ್ದೆಯಲ್ಲಿರಬಹುದು. ಇದೊಂದು ಸಂಪರ್ಕ ಎಚ್ಚರ ಇದ್ದರೆ ಸಾಕು. ಬ್ಯಾಟರಿ ಉಳಿಯುವುದು ಹೀಗೆ. ಆಫೀಸು, ಹಾಸ್ಟೆಲ್ ವೈಫೈಗಳಲ್ಲಿ ವೆಬ್‌ಸೈಟುಗಳೆಲ್ಲ ತೆರೆದುಕೊಂಡರೂ ನೋಟಿಫಿಕೇಶನ್ ಮಾತ್ರ ಬರದಿದ್ದರೆ, ಯಾರೋ ಈ ಪೋರ್ಟುಗಳನ್ನು ಮುಚ್ಚಿಟ್ಟಿರುವ ಸಾಧ್ಯತೆ ಇದೆ.

ಆ್ಯಪನ್ನು ಮೊದಲ ಸಲ ತೆರೆದಾಗ ಅದಕ್ಕೊಂದು ಟೋಕನ್ ಸಿಗುತ್ತದೆ, ಅಂದರೆ ಉದ್ದದ ಒಂದು ಗುರುತಿನ ಸಂಖ್ಯೆ. ಆ್ಯಪ್ ಅದನ್ನು ತನ್ನ ಕಂಪನಿಯ ಸರ್ವರಿಗೆ ಕೊಟ್ಟಿರುತ್ತದೆ. ಮೇಲ್ ಬಂದಾಗ ಆ ಸರ್ವರ್ ಟೋಕನ್ ತೋರಿಸಿ ಆಪಲ್ ಅಥವಾ ಗೂಗಲಿಗೆ ಒಂದು ಚೀಟಿ ಕೊಡುತ್ತದೆ. ಚೀಟಿಯ ಗಾತ್ರ ಎರಡೂ ಕಡೆ ಹೆಚ್ಚೆಂದರೆ 4,096 ಬೈಟ್. ಒಂದು ಕನ್ನಡ ಅಕ್ಷರ ಚಿಹ್ನೆಗೆ 3 ಬೈಟ್ ಬೇಕು. ಅಂದಮೇಲೆ ಇಡೀ ಮೇಲ್ ಅದರಲ್ಲಿ ಹಿಡಿಸುವ ಮಾತೇ ಇಲ್ಲ. ಕಳಿಸಿದವರ ಹೆಸರು, ವಿಷಯ, ಒಂದೆರಡು ಸಾಲು ಇರಬಹುದು. ಇಲ್ಲವೇ ಏನೂ ಇಲ್ಲದೆ ‘ಏಳು, ಹೋಗಿ ನೋಡು’ ಅನ್ನೋ ಸೂಚನೆ ಮಾತ್ರ ಇರಬಹುದು. ಮೇಲ್ ಇಳಿಯುವುದು ಆಮೇಲೆ, ಆ್ಯಪ್ ಎದ್ದು ತನ್ನ ಸರ್ವರನ್ನು ಕೇಳಿದಾಗ. ಲಾಕ್ ಸ್ಕ್ರೀನಿನಲ್ಲಿ ವಿಷಯ ಕಂಡು, ಒಳಗೆ ಹೋದರೆ ಮೇಲ್ ಇನ್ನೂ ಬಂದಿಲ್ಲ ಅನ್ನೋ ವಿಚಿತ್ರ ಆಗುವುದು ಇದರಿಂದಲೇ.

ಈ ಚೀಟಿ ತಲುಪೇ ತಲುಪುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಫೋನ್ ಆಫ್ ಇದ್ದರೆ ಗೂಗಲ್ ಒಂದು ಆ್ಯಪಿಗೆ ಒಂದು ಫೋನಿನಲ್ಲಿ ಗರಿಷ್ಠ 100 ಚೀಟಿಗಳನ್ನು ಕಾದಿಡುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಎಲ್ಲವನ್ನೂ ಕೈಬಿಟ್ಟು, ‘ಕೆಲವು ಹೋದವು, ನೀನೇ ಹೋಗಿ ನೋಡು’ ಅಂತ ಆ್ಯಪಿಗೆ ಹೇಳುತ್ತದೆ. ಸದ್ದು ಮಾಡದೆ ಆ್ಯಪನ್ನು ಎಬ್ಬಿಸುವ ಚೀಟಿಗಳನ್ನು ಗಂಟೆಗೆ ಎರಡು ಮೂರಕ್ಕಿಂತ ಜಾಸ್ತಿ ಕಳಿಸಬೇಡಿ ಅಂತ ಆಪಲ್ ಆ್ಯಪ್ ಮಾಡುವವರಿಗೆ ಬರೆದೇ ಹೇಳಿದೆ. ಮೇಲ್ ಎಲ್ಲೂ ಹೋಗಿರುವುದಿಲ್ಲ, ಪೆಟ್ಟಿಗೆಯಲ್ಲೇ ಭದ್ರವಾಗಿರುತ್ತದೆ. ಕಳೆದುಹೋಗುವುದು ಅದು ಬಂದ ಸುದ್ದಿ.

ಯಾರಿಗೆ ಈ ದಾರಿ ಇಲ್ಲ

ನನ್ನ ತಕರಾರು ಇರುವುದು ಇಲ್ಲಿ. ಈ ದಾರಿ ಎಲ್ಲರಿಗೂ ಒಂದೇ ಥರ ತೆರೆದಿಲ್ಲ.

ಐಫೋನಿನ ಜೊತೆಗೇ ಬರುವ ಮೇಲ್ ಆ್ಯಪನ್ನು ತಗೊಳ್ಳಿ. ಆಪಲಿನದೇ ಆದ ಐಕ್ಲೌಡ್ ಮೇಲ್, ಎಕ್ಸ್‌ಚೇಂಜ್ ಅಕೌಂಟುಗಳಿಗೆ ಅದರಲ್ಲಿ ಪುಶ್ ಇದೆ. ಜಿಮೇಲ್ ಅಕೌಂಟ್ ಹಾಕಿದರೆ ಬರೀ ಫೆಚ್. ಮೊದಲು ಗೂಗಲ್ ಸಿಂಕ್ ಅನ್ನೋ ಸೇವೆಯ ಮೂಲಕ ಜಿಮೇಲಿಗೂ ಪುಶ್ ಸಿಗುತ್ತಿತ್ತು. ಉಚಿತ ಜಿಮೇಲ್ ಬಳಸುವವರಿಗೆ ಹೊಸದಾಗಿ ಅದನ್ನು ಕೊಡುವುದನ್ನು ಗೂಗಲ್ 2013ರ ಜನವರಿ 30ರಿಂದ ನಿಲ್ಲಿಸಿತು. ಇತ್ತ ಆಪಲ್ ತನ್ನ ಆ್ಯಪಿಗೆ ಐಡಲ್ ಕೂಡ ಹಾಕಲಿಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡವರು ಬಳಕೆದಾರರು. ಐಫೋನಿನ ಸೆಟ್ಟಿಂಗಿನಲ್ಲಿ ಫೆಚ್ ‘ಆಟೋಮ್ಯಾಟಿಕಲಿ’ ಅಂತ ಇದ್ದರೆ ಇನ್ನೊಂದು ಮಿತಿ ಇದೆ. ಫೋನ್ ಚಾರ್ಜಿನಲ್ಲಿ ಮತ್ತು ವೈಫೈಯಲ್ಲಿ ಇದ್ದಾಗ ಮಾತ್ರ ಅದು ಹಿನ್ನೆಲೆಯಲ್ಲಿ ಮೇಲ್ ನೋಡುತ್ತದೆ. ಹಗಲಿಡೀ ಹೊರಗಡೆ ಓಡಾಡುವವರಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಹಾಗಂತ ಬೇರೆ ಮೇಲ್ ಕಂಪನಿಗೆ ಆ ಆ್ಯಪಿನಲ್ಲಿ ಪುಶ್ ಕೊಡುವುದು ಅಸಾಧ್ಯ ಅಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಫಾಸ್ಟ್‌ಮೇಲ್‌ಗೆ ಆಪಲ್ ಅದನ್ನು ಕೊಟ್ಟಿತು. ಈಗಲೂ ಅಲ್ಲಿ ಅಕೌಂಟ್ ಇರುವವರಿಗೆ ಐಫೋನಿನ ಮೇಲ್ ಆ್ಯಪಿನಲ್ಲೇ ಮೇಲ್ ತಕ್ಷಣ ಬರುತ್ತದೆ. ಒಂದು ಕಾಲೇಜು, ಒಂದು ಸಹಕಾರ ಸಂಘ, ಒಂದು ಚಿಕ್ಕ ಪತ್ರಿಕೆ ತನ್ನದೇ ಮೇಲ್ ಸರ್ವರ್ ನಡೆಸುತ್ತಿದ್ದರೆ ಅವರಿಗೆ ಆ ಬಾಗಿಲು ಮುಚ್ಚಿದೆ.

ಪೇಟೆಂಟಿನಿಂದಲೂ ಇದು ನಿಂತಿದ್ದುಂಟು. ಜರ್ಮನಿಯಲ್ಲಿ ಮೋಟೊರೊಲಾ ಕಂಪನಿ ಪೇಜರ್ ಕಾಲದ ಒಂದು ಪೇಟೆಂಟ್ ಹಿಡಿದು ಕೋರ್ಟಿಗೆ ಹೋಗಿ ಗೆದ್ದಿತು. 2012ರ ಫೆಬ್ರವರಿಯಿಂದ ಸುಮಾರು ಒಂದೂವರೆ ವರ್ಷ ಆ ದೇಶದಲ್ಲಿ ಐಕ್ಲೌಡ್ ಮೇಲ್‌ಗೆ ಪುಶ್ ಇರಲಿಲ್ಲ. ಜನ ಫೆಚ್ ಹಾಕಿಕೊಂಡು ಕಾಯಬೇಕಾಯಿತು.

ಚಿಕ್ಕ ಸರ್ವರುಗಳಿಗೆ ಇನ್ನೊಂದು ಉಪಾಯ ಉಂಟು. ಅದರಲ್ಲಿ ನಾವು ಕೊಡುವ ಬೆಲೆ ಏನು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಯಾವುದೇ ಐಮ್ಯಾಪ್ ಅಕೌಂಟಿಗೂ ಪುಶ್ ಕೊಡುತ್ತೇವೆ ಅನ್ನೋ ಆ್ಯಪುಗಳು ಇವೆ. ಫೋನ್ ಐಡಲ್ ಹಿಡಿದು ಕೂರಲಾರದು ಅಂದಮೇಲೆ ಅದನ್ನು ಬೇರೆ ಯಾರಾದರೂ ಹಿಡಿಯಬೇಕಲ್ಲ. ಆ ಆ್ಯಪ್ ಕಂಪನಿಯ ಸರ್ವರ್ ಹಿಡಿಯುತ್ತದೆ. ಅದಕ್ಕೆ ನಮ್ಮ ಪಾಸ್‌ವರ್ಡ್ ಅಥವಾ ಅದಕ್ಕೆ ಸಮನಾದ ಅನುಮತಿಯನ್ನು ಅಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಮೇಲನ್ನು ನಮಗಿಂತ ಮೊದಲು ಆ ಸರ್ವರ್ ನೋಡುತ್ತದೆ. ಮೈಕ್ರೋಸಾಫ್ಟ್ 2014ರ ಕೊನೆಯಲ್ಲಿ ಅಕಾಂಪ್ಲಿ ಅನ್ನೋ ಕಂಪನಿಯನ್ನು ಕೊಂಡು, 2015ರ ಜನವರಿಯಲ್ಲಿ ಅದನ್ನೇ ಔಟ್‌ಲುಕ್ ಆ್ಯಪ್ ಅಂತ ಬಿಟ್ಟಾಗ ಇದೇ ಕಾರಣಕ್ಕೆ ದೊಡ್ಡ ಚರ್ಚೆಯಾಯಿತು. ಯುರೋಪಿಯನ್ ಪಾರ್ಲಿಮೆಂಟಿನ ಐಟಿ ವಿಭಾಗ ತನ್ನ ಕಡೆ ಆ ಆ್ಯಪನ್ನು ತಡೆಹಿಡಿಯಿತು.

ಇದು ಮೋಸ ಅಂತ ನಾನು ಹೇಳುವುದಿಲ್ಲ. ಕೆಲಸ ಆಗುವುದೇ ಹಾಗೆ. ಆದರೆ ಆ್ಯಪ್ ಹಾಕಿಕೊಳ್ಳುವಾಗ ದೊಡ್ಡ ಅಕ್ಷರದಲ್ಲಿ ಹೇಳಬೇಕಾದ ಮಾತು ಇದು. ವಕೀಲರು, ವೈದ್ಯರು, ಪತ್ರಕರ್ತರು ಇನ್ನೊಬ್ಬರ ಗುಟ್ಟನ್ನು ಮೇಲಿನಲ್ಲಿ ಇಟ್ಟುಕೊಂಡಿರುತ್ತಾರೆ. ಅವರಿಗಂತೂ ಇದು ಗೊತ್ತಿರಲೇಬೇಕು.

ಆಂಡ್ರಾಯ್ಡಿನಲ್ಲಿ ನಡುವಿನವರಿಲ್ಲದ ದಾರಿ ಇನ್ನೂ ಉಳಿದಿದೆ. 2024ರ ಅಕ್ಟೋಬರಿನಲ್ಲಿ ಬಂದ ಥಂಡರ್‌ಬರ್ಡ್, ಅದರ ಮೂಲವಾದ ಕೆ-9 ಮೇಲ್, ಇನ್ನೊಂದು ಫೇರ್‌ಇಮೇಲ್. ಇವು ಫೋನಿನಿಂದಲೇ ನೇರವಾಗಿ ಐಡಲ್ ಹಿಡಿಯುತ್ತವೆ. ಪಾಸ್‌ವರ್ಡ್ ಫೋನ್ ಬಿಟ್ಟು ಮೇಲ್ ಸರ್ವರಿಗೆ ಮಾತ್ರ ಹೋಗುತ್ತದೆ. ಆದರೆ ಹಾಗೆ ಎಚ್ಚರ ಇರಬೇಕಾದರೆ ಫೋನಿನ ಮೇಲ್ಗಡೆ ಒಂದು ನೋಟಿಫಿಕೇಶನ್ ಸದಾ ಅಂಟಿಕೊಂಡಿರಬೇಕಾಗುತ್ತದೆ. ಅದನ್ನು ನೋಡಿ ಕಿರಿಕಿರಿಯಾಗಿ ಆ್ಯಪನ್ನೇ ತೆಗೆಯುವವರಿದ್ದಾರೆ. ಅದು ಆಂಡ್ರಾಯ್ಡ್ ಹಾಕಿದ ಷರತ್ತು, ಆ್ಯಪಿನ ತಪ್ಪಲ್ಲ.

ಫೋನ್ ಕಂಪನಿಯ ಕೈ

2015ರ ಆಂಡ್ರಾಯ್ಡ್ 6ರಲ್ಲಿ ಡೋಜ್ ಅನ್ನೋ ವ್ಯವಸ್ಥೆ ಬಂತು. ಚಾರ್ಜರ್ ಇಲ್ಲದೆ, ಸ್ಕ್ರೀನ್ ಆರಿ, ಫೋನ್ ಅಲುಗಾಡದೆ ಇದ್ದರೆ ಸ್ವಲ್ಪ ಹೊತ್ತಿನ ಮೇಲೆ ಆ್ಯಪುಗಳಿಗೆ ನೆಟ್‌ವರ್ಕ್ ನಿಲ್ಲುತ್ತದೆ. ಆಗಾಗ ಕೆಲವು ಕ್ಷಣ ಬಾಗಿಲು ತೆರೆದು ಎಲ್ಲರ ಕೆಲಸ ಮುಗಿಸಿಕೊಳ್ಳಲು ಬಿಟ್ಟು ಮತ್ತೆ ಮುಚ್ಚುತ್ತದೆ. ಎಫ್‌ಸಿಎಂ ಮೂಲಕ ‘ತುರ್ತು’ ಅನ್ನೋ ಗುರುತಿನೊಂದಿಗೆ ಬಂದ ಚೀಟಿಗೆ ಮಾತ್ರ ತಕ್ಷಣ ಒಳಗೆ ಬಿಡುವ ಅವಕಾಶ ಇದೆ. ರಾತ್ರಿ ಮೇಜಿನ ಮೇಲಿಟ್ಟ ಫೋನಿನಲ್ಲಿ ಒಂದು ಆ್ಯಪ್ ಸದ್ದು ಮಾಡಿ ಇನ್ನೊಂದು ಬೆಳಗಿನ ತನಕ ಮಾಡದಿರುವುದಕ್ಕೆ ಈ ಗುರುತೇ ಕಾರಣವಾಗಿರಬಹುದು.

ಗೂಗಲಿನ ನಿಯಮ ಒಂದಾದರೆ ಫೋನ್ ಮಾಡುವವರದು ಇನ್ನೊಂದು. ಶಾವೊಮಿಯಲ್ಲಿ ‘ಆಟೋಸ್ಟಾರ್ಟ್’, ಸ್ಯಾಮ್‌ಸಂಗಿನಲ್ಲಿ ‘ಡೀಪ್ ಸ್ಲೀಪಿಂಗ್ ಆ್ಯಪ್ಸ್’, ವಿವೊ, ಒಪ್ಪೊಗಳಲ್ಲಿ ಬೇರೆ ಬೇರೆ ಹೆಸರಿನ ಬ್ಯಾಟರಿ ಉಳಿಸುವ ಪಟ್ಟಿಗಳು. ನಮ್ಮಲ್ಲಿ ಜಾಸ್ತಿ ಮಾರಾಟವಾಗುವುದು ಇದೇ ಕಂಪನಿಗಳ ಫೋನ್. ಕೆಲವು ದಿನ ತೆರೆಯದ ಆ್ಯಪನ್ನು ಇವು ತಾವಾಗಿಯೇ ಮಲಗಿಸಿಬಿಡುತ್ತವೆ. ಬಲವಂತವಾಗಿ ನಿಲ್ಲಿಸಿದ ಆ್ಯಪಿಗೆ ನಾವೇ ಮತ್ತೆ ತೆರೆಯುವ ತನಕ ಎಫ್‌ಸಿಎಂ ಚೀಟಿಯೂ ತಲುಪುವುದಿಲ್ಲ. ‘ಫೋನ್ ಹಗುರಾಗಲಿ’ ಅಂತ ಇತ್ತೀಚಿನ ಆ್ಯಪುಗಳನ್ನೆಲ್ಲ ಸುಮ್ನೆ ಸರಿಸಿ ಹಾಕುವ ಅಭ್ಯಾಸ ಎಷ್ಟೋ ಜನರಿಗೆ ಇದೆ. ಕೆಲವು ಫೋನುಗಳಲ್ಲಿ ಹಾಗೆ ಸರಿಸಿದರೆ ಆ್ಯಪನ್ನು ಬಲವಂತವಾಗಿ ನಿಲ್ಲಿಸಿದ ಹಾಗೇ ಆಗುತ್ತದೆ. ಐಫೋನಿನಲ್ಲೂ ಸರಿಸಿ ಹಾಕಿದ ಆ್ಯಪನ್ನು ಸದ್ದಿಲ್ಲದ ಚೀಟಿ ಎಬ್ಬಿಸುವುದಿಲ್ಲ. ಕಣ್ಣಿಗೆ ಕಾಣುವ ನೋಟಿಫಿಕೇಶನ್ ಮಾತ್ರ ಬರುತ್ತದೆ.

ತಡ ಎಲ್ಲಾಯಿತು ಅಂತ ನೋಡುವುದು

ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಜಿಮೇಲ್ ಆದರೆ ಕಂಪ್ಯೂಟರಿನಲ್ಲಿ ಆ ಮೇಲನ್ನು ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಅನ್ನುವುದನ್ನು ಆರಿಸಿ. ಮೇಲ್ಗಡೆಯೇ ಮೇಲ್ ಹುಟ್ಟಿದ ಹೊತ್ತು, ‘ಇಷ್ಟು ಸೆಕೆಂಡಿನ ನಂತರ ತಲುಪಿತು’ ಅನ್ನೋ ಲೆಕ್ಕ ಸಿಗುತ್ತದೆ. ಕೆಳಗಡೆ ‘ರಿಸೀವ್ಡ್’ ಅಂತ ಶುರುವಾಗುವ ಸಾಲುಗಳಿರುತ್ತವೆ. ದಾರಿಯಲ್ಲಿ ಸಿಕ್ಕ ಒಂದೊಂದು ಸರ್ವರೂ ತನ್ನ ಹೆಸರು, ಹೊತ್ತು ಬರೆದು ಹಾಕಿದ ಸಾಲು ಅದು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎರಡು ಸಾಲುಗಳ ನಡುವೆ 30 ನಿಮಿಷದ ಅಂತರ ಕಂಡರೆ ನಿಮ್ಮ ಫೋನಿನದು ಏನೂ ತಪ್ಪಿಲ್ಲ. ಕಳಿಸುವ ಸರ್ವರ್ ಮೊದಲ ಸಲ ತಲುಪಿಸಲು ಆಗದೆ, ಕಾದು ಮತ್ತೆ ಕಳಿಸಿದೆ. ಮೊದಲ ಸಲ ಸೋತರೆ ಅರ್ಧ ಗಂಟೆಯಾದರೂ ಬಿಟ್ಟು ಮತ್ತೆ ಪ್ರಯತ್ನಿಸಿ ಅನ್ನುವುದು ಎಸ್‌ಎಂಟಿಪಿಯಲ್ಲೇ ಇರುವ ಸಲಹೆ. ಸಮಯದ ವಲಯದ ಕಡೆ ಮಾತ್ರ ಗಮನ ಇರಲಿ. ಅಮೆರಿಕದ ಸರ್ವರ್ ತನ್ನ ಹೊತ್ತನ್ನೇ ಬರೆದಿರುತ್ತದೆ.

ಆ ಲೆಕ್ಕ ಒಂದೆರಡು ಸೆಕೆಂಡು ಅಂತಿದ್ದರೆ ತಡ ಆದದ್ದು ಪೆಟ್ಟಿಗೆಯಿಂದ ಫೋನಿಗೆ ಬರುವಾಗ. ಆಗ ಮೊದಲು ಮೇಲ್ ಯಾವ ಟ್ಯಾಬಿಗೆ ಬಿದ್ದಿದೆ ನೋಡಿ. ಜಿಮೇಲ್ ಸಾಮಾನ್ಯವಾಗಿ ಸದ್ದು ಮಾಡುವುದು ‘ಪ್ರೈಮರಿ’ಗೆ ಬಂದ ಮೇಲಿಗೆ. ಇಂಟರ್‌ವ್ಯೂ ಕರೆ, ಬಿಲ್, ಟಿಕೆಟ್ ‘ಅಪ್‌ಡೇಟ್ಸ್’ಗೆ ಬಿದ್ದರೆ ಸದ್ದೇ ಇರುವುದಿಲ್ಲ. ಅದನ್ನು ಎಳೆದು ಪ್ರೈಮರಿಗೆ ಹಾಕಿದರೆ ಮುಂದಿನ ಸಲ ಅದೇ ಕಡೆಯಿಂದ ಬರುವುದನ್ನೂ ಅಲ್ಲಿಗೇ ಹಾಕಲಾ ಅಂತ ಜಿಮೇಲೇ ಕೇಳುತ್ತದೆ. ಆಮೇಲೆ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ ‘ಹೈ ಪ್ರಯಾರಿಟಿ’ ಮಾತ್ರ ಅಂತ ಇದೆಯಾ ನೋಡಿ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ನಿಗೆ ಬೇರೆಯಾಗಿ ಅನುಮತಿ ಕೊಡಬೇಕು. ಅವಸರದಲ್ಲಿ ಬೇಡ ಅಂದಿದ್ದರೆ ಅದೂ ಕಾರಣ ಆಗಬಹುದು. ಇವೆಲ್ಲ ಸರಿ ಇದ್ದರೆ ಬ್ಯಾಟರಿ ಪಟ್ಟಿಗೆ ಹೋಗಿ ಮೇಲ್ ಆ್ಯಪಿಗೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ. ಎಲ್ಲ ಆ್ಯಪಿಗೂ ಕೊಡಬೇಡಿ. ಜಿಮೇಲ್ ಆ್ಯಪಿನೊಳಗೆ ಬೇರೆ ಕಂಪನಿಯ ಐಮ್ಯಾಪ್ ಅಕೌಂಟ್ ಹಾಕಿಕೊಂಡಿದ್ದರೆ ಅಲ್ಲಿ ಪುಶ್ ಇಲ್ಲ, ಬೇಗ ಅಂದರೆ 15 ನಿಮಿಷ. ಅದಕ್ಕೆ ಬೇರೆ ಆ್ಯಪೇ ಬೇಕು.

ಚೀಟಿ ಓದುವವರು

ನಡುವಿನವರ ಕೈಯಲ್ಲಿ ಹಾದುಹೋಗುವುದು ಯಾವತ್ತೂ ಗುರುತು ಬಿಟ್ಟು ಹೋಗುತ್ತದೆ. 2023ರ ಡಿಸೆಂಬರ್ 6ರಂದು ಅಮೆರಿಕದ ಸೆನೆಟರ್ ರಾನ್ ವೈಡನ್ ಅಲ್ಲಿನ ನ್ಯಾಯ ಇಲಾಖೆಗೆ ಒಂದು ಪತ್ರ ಬರೆದರು. ಸರ್ಕಾರಗಳು ಆಪಲ್ ಮತ್ತು ಗೂಗಲಿನಿಂದ ಪುಶ್ ನೋಟಿಫಿಕೇಶನ್ ದಾಖಲೆಗಳನ್ನು ಕೇಳಿ ಪಡೆಯುತ್ತಿವೆ, ಇದನ್ನು ಹೊರಗೆ ಹೇಳಲು ಆ ಕಂಪನಿಗಳಿಗೆ ಬಿಡುತ್ತಿಲ್ಲ ಅನ್ನುವುದು ಅದರಲ್ಲಿದ್ದ ವಿಷಯ. ಯಾವ ಆ್ಯಪಿಗೆ, ಯಾವಾಗ, ಯಾವ ಫೋನಿಗೆ, ಅದು ಯಾವ ಅಕೌಂಟಿನದು ಅನ್ನುವುದು ಆ ದಾಖಲೆಯಿಂದ ತಿಳಿಯುತ್ತದೆ. ಗುಟ್ಟಾಗಿ ಬರೆಯದ ಚೀಟಿಯಾದರೆ ವಿಷಯದ ಸಾಲೂ ಕಾಣಬಹುದು. ಪತ್ರ ಹೊರಬಿದ್ದ ಮೇಲೆ ಆಪಲ್ ತನ್ನ ನಿಯಮ ಬದಲಿಸಿ, ಇನ್ನು ಮುಂದೆ ನ್ಯಾಯಾಧೀಶರ ಆದೇಶ ಇದ್ದರೆ ಮಾತ್ರ ಕೊಡುತ್ತೇವೆ ಅಂದಿತು.

ಚೀಟಿಯನ್ನು ಲಕೋಟೆಯೊಳಗೆ ಹಾಕಿ ಕಳಿಸುವ ವಿದ್ಯೆ ಇದೆ. ವೆಬ್‌ಸೈಟುಗಳು ನೋಟಿಫಿಕೇಶನ್ ಕಳಿಸುವ ವೆಬ್ ಪುಶ್ ಪದ್ಧತಿಯಲ್ಲಿ ಚೀಟಿಯನ್ನು ಆ್ಯಪಿನ ಕೀಲಿಯಿಂದಲೇ ಮುಚ್ಚುವುದು ಹೇಗೆ ಅಂತ 2017ರ ಆರ್‌ಎಫ್‌ಸಿ 8291 ಹೇಳುತ್ತದೆ. ಐಮ್ಯಾಪಿನ ಜಾಗಕ್ಕೆ ಅಂತ 2019ರಲ್ಲಿ ಬಂದ ಜೆಮ್ಯಾಪ್ ಅನ್ನೋ ಹೊಸ ಪದ್ಧತಿ ಇದನ್ನು ಒಳಗೇ ಸೇರಿಸಿಕೊಂಡಿದೆ. ಹೊತ್ತು, ಗುರುತು ಆಗಲೂ ಕಾಣುತ್ತವೆ, ಒಳಗಿನ ಮಾತು ಕಾಣುವುದಿಲ್ಲ. ಆಂಡ್ರಾಯ್ಡಿನಲ್ಲಿ ಯುನಿಫೈಡ್‌ಪುಶ್ ಅನ್ನೋ ಮುಕ್ತ ಯೋಜನೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಆ ಒಂದೇ ಸಂಪರ್ಕವನ್ನು ಯಾರು ಹಿಡಿದಿರಬೇಕು ಅನ್ನುವುದನ್ನು ಬಳಕೆದಾರರೇ ಆರಿಸಬಹುದು. ಬೇಕಿದ್ದರೆ ತಮ್ಮದೇ ಸರ್ವರ್ ಇಡಬಹುದು. ಅದನ್ನು ಒಪ್ಪುವ ಆ್ಯಪುಗಳು ಇನ್ನೂ ಕಡಿಮೆ, ಐಫೋನಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಹತ್ತು ವರ್ಷದ ಹಿಂದೆ ಆಪಲ್ ಒಂದು ಮೇಲ್ ಕಂಪನಿಗೆ ತೆರೆದ ಬಾಗಿಲನ್ನು ಮಿಕ್ಕ ಸರ್ವರುಗಳಿಗೂ ತೆರೆಯಲು ತಾಂತ್ರಿಕ ಅಡ್ಡಿ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಕೇಳುವವರು ಜಾಸ್ತಿ ಆಗಬೇಕು, ಅಷ್ಟೇ.